ಆ್ಯಪ್‌ಗೆ ಗುರುತು ಸಿಗದ ಜೇಡ ಹೊಸ ಪ್ರಭೇದವೇ?

ಪ್ರಶ್ನೆ: ಸರ್, ನಾನು ಡಂಬಳದ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ನಮ್ಮ ಶಾಲೆಯ ಕಾಂಪೌಂಡ್ ಕಲ್ಲಿನ ಸಂದಿಯಲ್ಲಿ ಐದನೇ ತರಗತಿ ಹುಡುಗರಿಗೆ ಒಂದು ಜಿಗಿಯುವ ಜೇಡ ಸಿಕ್ಕಿದೆ. ಅಕ್ಕಿಕಾಳಿನಷ್ಟು ಉದ್ದ, ಮಣ್ಣಿನ ಬಣ್ಣ, ಹೊಟ್ಟೆಯ ಮೇಲೊಂದು ಬಿಳಿ ಗೆರೆ. ಬಾಟಲಿಯಲ್ಲಿ ಇಟ್ಟಿದ್ದೇವೆ. ಫೋಟೊ ತೆಗೆದು ಮೂರು ಆ್ಯಪ್‌ಗೆ ಹಾಕಿದೆ, ಮೂರೂ ಬೇರೆ ಬೇರೆ ಹೆಸರು ಹೇಳಿದವು. ಇದು ಹೊಸ ಪ್ರಭೇದ ಇರಬಹುದೇ? ಹೊಸ ಜೇಡಗಳು ಮಳೆಕಾಡಿನಲ್ಲಿ ಮಾತ್ರ ಸಿಗುತ್ತವೆ ಎಂದು ಓದಿದ್ದೆ. ಹೊಸದಾದರೆ ಹೆಸರಿಡುವುದು ಹೇಗೆ? ಅದಕ್ಕೆ ಜೇಡವನ್ನು ಕೊಲ್ಲಲೇಬೇಕಾ? ಕಪ್ಪತಗುಡ್ಡದ ಹೆಸರಿಡೋಣ ಎಂದು ಹುಡುಗರು ಈಗಲೇ ಕುಣಿಯುತ್ತಿದ್ದಾರೆ.

ಉತ್ತರ: ಅಕ್ಕೋರೇ, ನೀವು ಕಳಿಸಿದ ಐದೂ ಫೋಟೊ ನೋಡಿದೆ. ನಾಲ್ಕನೆಯದನ್ನು ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದೆ. ಅದರಲ್ಲಿ ಜೇಡದ ಮುಖದ ಮುಂದೆ ಎರಡು ಪುಟ್ಟ ಕೈಗಳು ಕಾಣುತ್ತವೆ. ಕಾಲಲ್ಲ, ಕಾಲಿಗಿಂತ ಗಿಡ್ಡ. ಇವನ್ನು ನಾವು ಪಾಲ್ಪ್ ಎನ್ನುತ್ತೇವೆ. ನಿಮ್ಮ ಜೇಡದ ಪಾಲ್ಪ್‌ಗಳ ತುದಿ ಬೆಲೂನಿನ ಹಾಗೆ ಉಬ್ಬಿದೆ, ಆದರೆ ನುಣ್ಣಗಿದೆ. ಅಂದರೆ ಇದು ಗಂಡು, ಇನ್ನೂ ಬಲಿತಿಲ್ಲ. ಕೊನೆಯ ಪೊರೆ ಕಳಚುವುದು ಬಾಕಿ ಇದೆ.

ಹಾಗಾಗಿ ಇದು ಹೊಸದೋ ಅಲ್ಲವೋ ಎಂದು ಇವತ್ತು ನಾನಷ್ಟೇ ಅಲ್ಲ, ಜಗತ್ತಿನ ಯಾವ ಜೇಡತಜ್ಞನೂ ಹೇಳಲು ಆಗುವುದಿಲ್ಲ. ಮರಿ ಜೇಡಕ್ಕೆ ಪ್ರಭೇದದ ಗುರುತು ಇನ್ನೂ ಮೂಡಿರುವುದಿಲ್ಲ. ಆ್ಯಪ್ ಮೂರು ಹೆಸರು ಹೇಳಿದ್ದಕ್ಕೆ ಬೇಜಾರು ಬೇಡ. ಅದು ಬಣ್ಣ, ಆಕಾರ ನೋಡಿ ಊಹೆ ಮಾಡುತ್ತದೆ. ಜಿಗಿಯುವ ಜೇಡಗಳಲ್ಲಿ ಬಣ್ಣ ಬಹಳ ಮೋಸ ಮಾಡುತ್ತದೆ.

ಎಷ್ಟು ಮೋಸ ಅಂದರೆ, ನಿಮ್ಮ ಮನೆ ಗೋಡೆಯನ್ನೇ ನೋಡಿ. ಟ್ಯೂಬ್‌ಲೈಟ್ ಹತ್ತಿರ ನೊಣ, ಸೊಳ್ಳೆಗೆ ಹೊಂಚು ಹಾಕುವ ದಪ್ಪ ಜೇಡ ಇರುತ್ತದಲ್ವಾ? ಅದರಲ್ಲಿ ಕಪ್ಪು ಮೈಗೆ ಬಿಳಿ ಪಟ್ಟೆ ಇರುವುದು ಒಂದು, ಕಂದು ಮೈಯದು ಇನ್ನೊಂದು ಕಾಣುತ್ತದೆ. ಎರಡು ಬಗೆಯ ಜೇಡ ಎಂದೇ ಎಲ್ಲರೂ ತಿಳಿಯುತ್ತಾರೆ. ಅದು ಪ್ಲೆಕ್ಸಿಪಸ್ ಪೇಕುಲ್ಲಿ ಎಂಬ ಒಂದೇ ಪ್ರಭೇದ. ಪಟ್ಟೆಯದು ಗಂಡು, ಕಂದು ಬಣ್ಣದ್ದು ಹೆಣ್ಣು. ಹೀಗೆ ಗಂಡು ಹೆಣ್ಣನ್ನು ಬೇರೆ ಬೇರೆ ಪ್ರಭೇದ ಎಂದು ದೊಡ್ಡ ದೊಡ್ಡ ಪಂಡಿತರೂ ಬರೆದಿದ್ದಾರೆ. ಆಮೇಲೆ ಬಂದವರು ಎರಡನ್ನೂ ಸೇರಿಸಿ ಒಂದು ಹೆಸರು ಉಳಿಸಿದ್ದಾರೆ. ಜೇಡಗಳ ಪಟ್ಟಿಯಲ್ಲಿ ಇಂಥ ತಿದ್ದುಪಡಿ ಲೆಕ್ಕವಿಲ್ಲದಷ್ಟಿವೆ.

ಹಾಗಾದರೆ ಗುರುತು ಎಲ್ಲಿದೆ? ಅದೇ ಪಾಲ್ಪ್‌ನಲ್ಲಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇಡೀ ಕೆಲಸ ನಿಂತಿರುವುದೇ ಇದರ ಮೇಲೆ.

ಬಲಿತ ಗಂಡಿನ ಪಾಲ್ಪ್‌ನ ತುದಿಯಲ್ಲಿ ಒಂದು ಸಣ್ಣ ಬುರುಡೆ ಇರುತ್ತದೆ, ಬಲ್ಬ್ ಎನ್ನುತ್ತೇವೆ. ಅದರೊಳಗೆ ಸುರುಳಿ ಸುತ್ತಿದ ಒಂದು ನಳಿಕೆ. ಗಂಡು ಮೊದಲು ತನ್ನ ವೀರ್ಯವನ್ನು ಪುಟ್ಟ ರೇಷ್ಮೆ ಹಾಸಿನ ಮೇಲೆ ಬಿಟ್ಟು, ಪಾಲ್ಪ್‌ನಿಂದ ಅದನ್ನು ಎಳೆದುಕೊಳ್ಳುತ್ತದೆ. ನಾವು ಪೆನ್ನಿಗೆ ಇಂಕು ತುಂಬುತ್ತಿದ್ದೆವಲ್ಲ, ಹಾಗೆ. ಆಮೇಲೆ ಹೆಣ್ಣಿನ ಹತ್ತಿರ ಹೋಗುತ್ತದೆ. ನಳಿಕೆಯ ತುದಿಗೆ ಒಂದು ಕೊಕ್ಕೆಯಂಥ ಮುಳ್ಳಿದೆ. ಅದಕ್ಕೆ ಎಂಬೋಲಸ್ ಎಂದು ಹೆಸರು. ಪಕ್ಕದ ಗಿಣ್ಣಿನಿಂದ ಇನ್ನೊಂದು ಚೂಪು ಚಾಚಿರುತ್ತದೆ. ಹೆಣ್ಣಿನ ಹೊಟ್ಟೆಯ ಅಡಿಯಲ್ಲಿ ಇದಕ್ಕೆ ಎದುರಾಗಿ ಗಟ್ಟಿಯಾದ ಒಂದು ಫಲಕ, ಅದರಲ್ಲಿ ತೂತು, ಒಳಗೆ ಸುತ್ತಿ ಸುತ್ತಿ ಹೋಗುವ ನಾಳ. ಫಲಕಕ್ಕೆ ಎಪಿಗೈನ್ ಎನ್ನುತ್ತೇವೆ. ಬೀಗ, ಕೀಲಿಕೈ ಎಂದು ಹುಡುಗರಿಗೆ ಹೇಳಿ, ಮುಕ್ಕಾಲು ಪಾಲು ಸರಿಯಾಗುತ್ತದೆ. ಒಂದು ಪ್ರಭೇದದಲ್ಲಿ ಎಂಬೋಲಸ್ ಗಿಡ್ಡ ಮತ್ತು ದಪ್ಪ. ಅದರ ಅಣ್ಣತಮ್ಮನಂತೆ ಕಾಣುವ ಇನ್ನೊಂದರಲ್ಲಿ ಕೂದಲಿನ ಹಾಗೆ ತೆಳ್ಳಗೆ, ಬಲ್ಬಿಗೆ ಒಂದು ಸುತ್ತು ಹಾಕಿರುತ್ತದೆ. ಹೊರಗಿನ ಮೈ ಎರಡರದ್ದೂ ಒಂದೇ.

ಅರ್ಧ ಮಿಲಿಮೀಟರ್ ಇರುವ ಈ ಭಾಗವನ್ನು ನೋಡಿ, ಅಳೆದು, ಕೆಳಗಿನಿಂದ ಮತ್ತು ಪಕ್ಕದಿಂದ ಚಿತ್ರ ಬರೆಯುವುದೇ ನಮ್ಮ ಕಸುಬು. ಹೆಣ್ಣಾದರೆ ಇನ್ನೂ ಒಂದು ಹೆಜ್ಜೆ ಮುಂದೆ. ಎಪಿಗೈನ್ ಅನ್ನು ಸೂಜಿಯಿಂದ ಬಿಡಿಸಿ, ಸುತ್ತಲಿನ ಮಾಂಸವನ್ನು ರಾಸಾಯನಿಕದಲ್ಲಿ ಕರಗಿಸಬೇಕು. ಆಮೇಲೆ ಲವಂಗದ ಎಣ್ಣೆಯ ಹನಿಯಲ್ಲಿಟ್ಟರೆ ಅದು ಗಾಜಿನ ಹಾಗೆ ತಿಳಿಯಾಗುತ್ತದೆ. ಒಳಗಿನ ನಾಳಗಳು ಒಂದೊಂದೇ ಎದ್ದು ಬರುತ್ತವೆ. ಹಲ್ಲುನೋವಿಗೆ ಹಚ್ಚುತ್ತಾರಲ್ಲ, ಅದೇ ಲವಂಗದ ಎಣ್ಣೆ. ನನ್ನ ಮೇಜಿನ ಮೇಲೆ ಮೂವತ್ತು ವರ್ಷದಿಂದ ಅದರ ವಾಸನೆ ಹೋಗಿಲ್ಲ. ಇವತ್ತಿಗೂ ಆ ನಾಳಗಳು ಕಣ್ಣಿಗೆ ಬೀಳುವ ಕ್ಷಣ ಬಂದಾಗ ನಾನು ಉಸಿರು ಬಿಗಿ ಹಿಡಿಯುತ್ತೇನೆ.

ಇನ್ನು ಮಳೆಕಾಡಿನ ಮಾತು. ನೀವು ಓದಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಜಿಗಿಯುವ ಜೇಡಗಳದ್ದು ಜೇಡಗಳಲ್ಲೇ ದೊಡ್ಡ ಕುಟುಂಬ. ಈವರೆಗೆ ಹೆಸರಿಟ್ಟವೇ 6,000ಕ್ಕೂ ಜಾಸ್ತಿ. ಅವುಗಳಲ್ಲಿ ಹೆಚ್ಚಿನವು ಉಷ್ಣವಲಯದವು. ದಾಂಡೇಲಿಯಂಥ ಕಾಡಿನಲ್ಲಿ ಒಂದು ಮರಕ್ಕೆ ಎಷ್ಟು ಮಾಳಿಗೆ ನೋಡಿ: ಉದುರಿದ ಎಲೆಯ ಕೆಳಗೊಂದು ಬಗೆ, ತೊಗಟೆಯ ಸಂದಿಯಲ್ಲೊಂದು ಬಗೆ, ಎಲೆಯ ಮೇಲೆ ಮತ್ತೊಂದು, ನೆತ್ತಿಯಲ್ಲಿ ಇನ್ನೊಂದು. ಕೆಲವು ಇರುವೆಯ ವೇಷ ಹಾಕುತ್ತವೆ. ಚಗಳಿ ಇರುವೆ ಗೂಡು ಕಟ್ಟಿದ ಕೊಂಬೆಯಲ್ಲಿ ಚಗಳಿಯಂತೆಯೇ ಕೆಂಪಗೆ, ಸೊಂಟ ಸಣ್ಣಗೆ, ಮುಂಗಾಲನ್ನು ಮೀಸೆಯಂತೆ ಆಡಿಸುತ್ತ ಓಡಾಡುವ ಜೇಡವೊಂದಿದೆ. ಮಿರ್ಮಾಪ್ಲಾಟಾ ಎಂದು ಅದರ ಕುಲದ ಹೆಸರು. ಕುಲ ಎಂದರೆ ಹತ್ತಿರದ ಪ್ರಭೇದಗಳ ಗುಂಪು. ಗಂಡಿನ ದವಡೆಗಳು ಎಷ್ಟು ಉದ್ದ ಅಂದರೆ, ಇರುವೆಯೊಂದು ಇನ್ನೊಂದು ಇರುವೆಯನ್ನು ಕಚ್ಚಿಕೊಂಡು ಹೋದಂತೆ ಕಾಣುತ್ತದೆ. ನಾನು ಮೊದಲ ಸಲ ಅದನ್ನು ಇರುವೆ ಎಂದು ತಿಳಿದು ದಾಟಿ ಹೋಗಿದ್ದೆ. ಅದು ಎಲೆಯಿಂದ ನೂಲು ಬಿಟ್ಟು ಕೆಳಗಿಳಿದಾಗ ತಿರುಗಿ ನೋಡಿದೆ. ಇರುವೆ ನೂಲಿನಲ್ಲಿ ಇಳಿಯುವುದಿಲ್ಲವಲ್ಲ.

ಆ ಕಾಡಿನಲ್ಲಿ ಹುಡುಕುವ ಸಾಮಾನು ಬಹಳ ಸಾದಾ. ಒಂದು ಕೊಡೆ, ಒಂದು ಕೋಲು. ಬಿಳಿ ಬಟ್ಟೆಯ ಕೊಡೆಯನ್ನು ಬಿಚ್ಚಿ, ತಲೆಕೆಳಗಾಗಿ ಕೊಂಬೆಯ ಅಡಿಗೆ ಹಿಡಿಯಬೇಕು. ಮೇಲಿನಿಂದ ಎರಡು ಏಟು ಜೋರಾಗಿ ಹೊಡೆಯಬೇಕು. ಒಣ ಎಲೆ, ಹೂವು, ಜೀರುಂಡೆ, ಮಿಡತೆ ಎಲ್ಲ ಉದುರುತ್ತವೆ. ಬಿದ್ದದ್ದೆಲ್ಲ ಕಕ್ಕಾಬಿಕ್ಕಿಯಾಗಿ ಓಡುವಾಗ, ಒಂದು ಮಾತ್ರ ನಿಂತು, ತಲೆ ತಿರುಗಿಸಿ ನಿಮ್ಮನ್ನೇ ನೋಡುತ್ತದೆ. ಅದೇ ಜಿಗಿಯುವ ಜೇಡ.

ಈ ನೋಟವನ್ನು ನಿಮ್ಮ ಹುಡುಗರಿಗೆ ತೋರಿಸಲೇಬೇಕು. ಎಂಟು ಕಣ್ಣಿದ್ದರೂ ಮುಂದಿನ ಎರಡು ದೊಡ್ಡವು. ಅವು ದುರ್ಬೀನಿನ ಹಾಗೆ ಒಳಗೆ ಉದ್ದ ಕೊಳವೆಯಾಗಿವೆ. ಮುಂದಿನ ಗಾಜು ಅಲ್ಲಾಡುವುದಿಲ್ಲ, ಹಿಂದಿನ ಪರದೆ ಅಲ್ಲಾಡುತ್ತದೆ. ಮಸೂರ ಹಿಡಿದು ಸುಮ್ನೆ ಕಾಯಿರಿ. ಮೈ ತೆಳು ಬಣ್ಣದ ಜೇಡವಾದರೆ, ಒಂದು ಕಣ್ಣು ಕಪ್ಪಗಿದ್ದದ್ದು ಮೆಲ್ಲಗೆ ಜೇನಿನ ಬಣ್ಣಕ್ಕೆ ತಿರುಗಿ, ಮತ್ತೆ ಕಪ್ಪಾಗುತ್ತದೆ. ಒಳಗಿನ ಕೊಳವೆ ಆಚೀಚೆ ಸರಿಯುತ್ತಿದೆ ಎಂದು ಅರ್ಥ. ಅದು ನಿಮ್ಮನ್ನು ತುಂಡು ತುಂಡಾಗಿ ಓದುತ್ತಿದೆ. ಜಿಗಿತವೂ ಅಷ್ಟೇ ವಿಚಿತ್ರ. ಮಿಡತೆಯಂತೆ ದಪ್ಪ ತೊಡೆ ಇದಕ್ಕಿಲ್ಲ. ಕಾಲಿನ ಮುಖ್ಯ ಎರಡು ಕೀಲುಗಳಲ್ಲಿ ಕಾಲು ಚಾಚುವ ಸ್ನಾಯುವೇ ಇಲ್ಲ. ಮೈಯೊಳಗಿನ ರಕ್ತವನ್ನು ಒಮ್ಮೆಲೇ ಕಾಲಿಗೆ ಒತ್ತಿ ಕಾಲು ಚಿಮ್ಮಿಸುತ್ತದೆ. ಹಾರುವ ಮೊದಲು ಕೂತ ಜಾಗಕ್ಕೆ ಒಂದು ನೂಲು ಅಂಟಿಸಿರುತ್ತದೆ, ತಪ್ಪಿದರೆ ನೇತಾಡಿ ವಾಪಸ್ ಹತ್ತುತ್ತದೆ. ಜೇಡ ಎಂದರೆ ನಮ್ಮಲ್ಲಿ ನೇಯುವವ ಎಂದೂ ಅರ್ಥ. ಬೆಟಗೇರಿಯ ಮಗ್ಗದ ಮನೆಗಳಲ್ಲಿ ಆ ಮಾತು ಚೆನ್ನಾಗಿ ಹೊಂದುತ್ತದೆ. ಆದರೆ ಈ ಕುಟುಂಬದ ಹೆಚ್ಚಿನ ಜೇಡಗಳು ಬೇಟೆಗೆ ಬಲೆ ನೇಯುವುದೇ ಇಲ್ಲ. ನೂಲು ಇದೆ, ಮಗ್ಗ ಇಲ್ಲ.

ಮಳೆಕಾಡಿನಿಂದ ಎಲ್ಲಿಗೋ ಹೋದೆ. ಹೇಳಬೇಕೆಂದಿದ್ದು ಇದು: ಉಷ್ಣವಲಯ ಎಂದರೆ ಬರೀ ಮಳೆಕಾಡಲ್ಲ. ಗದಗ ಕೂಡ ಉಷ್ಣವಲಯದಲ್ಲೇ ಇದೆ. ಕಪ್ಪತಗುಡ್ಡದ ಕುರುಚಲು ಕಾಡು, ಹುಲ್ಲುಗಾವಲು, ಕೆಂಪು ಕಲ್ಲಿನ ಇಳಿಜಾರು ಎಲ್ಲವೂ ಉಷ್ಣವಲಯದ್ದೇ. ಆದರೆ ಜೇಡ ಹುಡುಕುವವರು ಮಳೆಗಾಲ ಬಂತೆಂದರೆ ಧಾರವಾಡದಿಂದ ಪಶ್ಚಿಮಕ್ಕೇ ಬಸ್ಸು ಹತ್ತುತ್ತಾರೆ. ನಾನೂ ಹಾಗೇ ಮಾಡಿದೆ. ಕಲಘಟಗಿ ದಾಟಿದ ಮೇಲೆಯೇ ಕಾಡು ಶುರು ಎನ್ನುವ ಭಾವನೆ ನನ್ನಲ್ಲಿ ಬಹಳ ವರ್ಷ ಇತ್ತು. ಅದು ತಪ್ಪಾಗಿತ್ತು.

ಒಂದು ಉದಾಹರಣೆ ಕೊಡುತ್ತೇನೆ. 2024ರಲ್ಲಿ ಕಿರಣ್ ಮರಾಠೆ, ವೇಯ್ನ್ ಮ್ಯಾಡಿಸನ್, ಕೃಷ್ಣಮೇಘ ಕುಂಟೆ ಸೇರಿ ಜಿಗಿಯುವ ಜೇಡಗಳ ಒಂದು ಹೊಸ ಕುಲವನ್ನೇ ಪ್ರಕಟಿಸಿದರು. ಅದರ ಹೆಸರು ತೆಂಕಣ. ಹೌದು, ನಮ್ಮ ಕನ್ನಡದ ತೆಂಕಣವೇ, ದಕ್ಷಿಣದ್ದು ಎಂಬ ಅರ್ಥದ್ದು. ಅದರಲ್ಲಿ ಮೂರು ಪ್ರಭೇದ. ಎರಡು ಮೊದಲೇ ಗೊತ್ತಿದ್ದವು, ಬೇರೆ ಕುಲದ ಕೆಳಗೆ ಇದ್ದವು: ತೆಂಕಣ ಮನು ಮತ್ತು ತೆಂಕಣ ಅರ್ಕಾವತಿ. ಮೂರನೆಯದು ಪೂರ್ತಿ ಹೊಸದು, ಕರ್ನಾಟಕದ್ದೇ: ತೆಂಕಣ ಜಯಮಂಗಲಿ. ಅರ್ಕಾವತಿ, ಜಯಮಂಗಲಿ ಎರಡೂ ನಮ್ಮ ನದಿಗಳ ಹೆಸರು. ನನಗೆ ತುಂಬಾ ಇಷ್ಟವಾದ ಸಂಗತಿ ಬೇರೆ ಇದೆ. ಇವುಗಳ ಹತ್ತಿರದ ಸಂಬಂಧಿಗಳು ಗಿಡಮರಗಳ ಮೇಲೆ ಬದುಕುವ ಜೇಡಗಳು. ಆದರೆ ತೆಂಕಣ ಸಿಕ್ಕಿರುವುದು ಒಣ ಪ್ರದೇಶದಲ್ಲಿ, ನೆಲದ ಮೇಲೆ. ಮಣ್ಣಿನ ಬಣ್ಣದ ಜೇಡ, ಕಲ್ಲಿನ ಸಂದಿ ಎಂದು ನೀವು ಬರೆದಿದ್ದನ್ನು ಓದಿದಾಗ ನಾನು ನೆಟ್ಟಗೆ ಕೂತಿದ್ದು ಅದಕ್ಕೇ. ನಿಮ್ಮದು ತೆಂಕಣ ಎಂದು ನಾನು ಹೇಳುತ್ತಿಲ್ಲ. ಒಣ ನೆಲದ ಜೇಡಗಳನ್ನು ನಾವು ಸರಿಯಾಗಿ ನೋಡಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಈಗ ಒಂದು ಜೇಡ ಹೊಸದು ಎಂದು ತೀರ್ಮಾನ ಆಗುವುದು ಹೇಗೆ ಎನ್ನುವುದಕ್ಕೆ ಬರುತ್ತೇನೆ. ಕಾಡಿನಲ್ಲಿ ಸಿಗುವುದು ಜೇಡ ಮಾತ್ರ. ಹೊಸತನ ಸಿಗುವುದು ಮೇಜಿನ ಮೇಲೆ, ಹಳೆಯದನ್ನೆಲ್ಲ ಪಕ್ಕದಲ್ಲಿಟ್ಟು ಹೋಲಿಸಿದಾಗ.

ಹಳೆಯದು ಎಂದರೆ ಎಷ್ಟು ಹಳೆಯದು? 1757ಕ್ಕೆ ಹೋಗಬೇಕು. ಆ ವರ್ಷ ಸ್ವೀಡನ್‌ನ ಕಾರ್ಲ್ ಕ್ಲರ್ಕ್ ಎಂಬಾತ ತನ್ನ ದೇಶದ ಜೇಡಗಳಿಗೆ ಎರಡು ಪದದ ಹೆಸರಿಟ್ಟು ಪುಸ್ತಕ ಮಾಡಿದ. ಪ್ರಾಣಿಗಳ ಹೆಸರಿನ ಲೆಕ್ಕ ಜೀವವಿಜ್ಞಾನಿ ಲಿನೇಯಸ್‌ನ 1758ರ ಪುಸ್ತಕದಿಂದ ಶುರು. ಅದಕ್ಕೂ ಮೊದಲಿನದಾದರೂ ಮಾನ್ಯತೆ ಉಳಿಸಿಕೊಂಡಿದ್ದು ಕ್ಲರ್ಕ್‌ನ ಜೇಡಗಳ ಪುಸ್ತಕ ಒಂದೇ. ಪ್ರಾಣಿಶಾಸ್ತ್ರದಲ್ಲಿ ಜೇಡಕ್ಕೆ ಇಂಥ ಒಂದು ಮರ್ಯಾದೆ ಇದೆ. ಅಲ್ಲಿಂದ ಇಲ್ಲಿವರೆಗೆ ಬರೆದ ಎಲ್ಲ ಜೇಡಗಳ ಹೆಸರನ್ನೂ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಮ್ಯೂಸಿಯಂ ಒಂದೇ ಪಟ್ಟಿಯಲ್ಲಿ ಇಟ್ಟಿದೆ. ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. 2022ರಲ್ಲಿ ಆ ಪಟ್ಟಿ 50,000 ಮುಟ್ಟಿತು. ಆ ಐವತ್ತು ಸಾವಿರನೆಯದು ಯಾವುದು ಗೊತ್ತಾ? ದಕ್ಷಿಣ ಅಮೆರಿಕದ ಒಂದು ಜಿಗಿಯುವ ಜೇಡ, ಗುರಿಯೂರಿಯಸ್ ಮಿನುವಾನೊ.

ನಿಮ್ಮ ಜೇಡದ ಕುಲ ಯಾವುದೆಂದು ಗೊತ್ತಾದ ಮೇಲೆ, ಆ ಕುಲದ ಪ್ರತಿಯೊಂದು ಪ್ರಭೇದದ ಚಿತ್ರವನ್ನೂ ತೆಗೆದು ಪಾಲ್ಪ್‌ಗೆ ಪಾಲ್ಪ್ ಹೋಲಿಸಬೇಕು. ಕೆಲವು ವಿವರಣೆ ಫ್ರೆಂಚ್‌ನಲ್ಲಿ, ಕೆಲವು ಲ್ಯಾಟಿನ್‌ನಲ್ಲಿ ಇರುತ್ತವೆ. ನೂರು ವರ್ಷದ ಹಿಂದೆ ಫ್ರಾನ್ಸಿನ ಯೂಜೀನ್ ಸಿಮೋನ್ ಸಾವಿರಾರು ಜೇಡಗಳಿಗೆ ಹೆಸರಿಟ್ಟ, ಎಷ್ಟೋ ಕಡೆ ನಾಲ್ಕು ಸಾಲು ಬರೆದು ಚಿತ್ರವನ್ನೇ ಹಾಕಲಿಲ್ಲ. ಆಗ ಆತ ನೋಡಿದ ಅದೇ ಜೇಡವನ್ನು ಮ್ಯೂಸಿಯಂನಲ್ಲಿ ಹುಡುಕಿ ನೋಡಬೇಕು. ಹೆಸರಿಡುವಾಗ ಆಧಾರವಾಗಿ ಇಟ್ಟ ಆ ಒಂದು ಮೂಲ ಮಾದರಿಗೆ ಹೋಲೋಟೈಪ್ ಎನ್ನುತ್ತೇವೆ. ಹೆಸರು ಯಾರದ್ದು ಎಂದು ಜಗಳ ಬಂದರೆ ಅದೇ ಸಾಕ್ಷಿ. ನಮ್ಮ ಜೇಡಗಳ ಎಷ್ಟೋ ಹಳೆಯ ಮಾದರಿಗಳು ಲಂಡನ್, ಪ್ಯಾರಿಸ್ ಮ್ಯೂಸಿಯಂಗಳಲ್ಲಿವೆ. ಕೆಲವು ಕಳೆದೇ ಹೋಗಿವೆ.

ಈ ಹಂತದಲ್ಲಿ ನನಗೆ ಆದದ್ದನ್ನು ಹೇಳಬೇಕು. ದಾಂಡೇಲಿ ಕಡೆ ಒಂದು ಜುಲೈನಲ್ಲಿ ಕೊಡೆಗೆ ಒಂದು ಹೆಣ್ಣು ಬಿತ್ತು. ಕಪ್ಪು ಮೈ, ಬೆನ್ನಿಗೆ ಹಳದಿ ಗೆರೆ. ಅಂಥದ್ದನ್ನು ನಾನು ನೋಡಿರಲಿಲ್ಲ, ನನಗೆ ಗೊತ್ತಿದ್ದವರು ಯಾರೂ ನೋಡಿರಲಿಲ್ಲ. ಒಂದು ವರ್ಷ ಅದರ ಮೇಲೆ ಕೆಲಸ ಮಾಡಿದೆ. ಚಿತ್ರ ಆಯಿತು, ಅಳತೆ ಆಯಿತು, ಹೆಸರೂ ಮನಸ್ಸಿನಲ್ಲಿ ಸಿದ್ಧವಾಯಿತು. ಮರುವರ್ಷ ಅದೇ ಪೊದೆಗೆ ಹೋದಾಗ ಒಂದು ಗಂಡು ಸಿಕ್ಕಿತು. ಅದರ ಪಾಲ್ಪ್ ನೋಡಿದ ಕೂಡಲೇ ಗೊತ್ತಾಯಿತು, ಈ ಗಂಡಿಗೆ ಬಹಳ ಹಿಂದೆಯೇ ಹೆಸರು ಬಿದ್ದಿದೆ. ಹೆಣ್ಣನ್ನು ಮಾತ್ರ ಯಾರೂ ಬರೆದಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಆ ವರ್ಷ ವ್ಯರ್ಥ ಆಗಲಿಲ್ಲ. ಗೊತ್ತಿರುವ ಪ್ರಭೇದದ ಹೆಣ್ಣನ್ನು ಮೊದಲ ಸಲ ವಿವರಿಸುವುದೂ ಅಷ್ಟೇ ಬೇಕಾದ ಕೆಲಸ. ಆ ಪೊದೆಗೆ ಎರಡನೇ ಸಲ ಹೋಗದಿದ್ದರೆ ನಾನು ಪಟ್ಟಿಗೆ ಒಂದು ಸುಳ್ಳು ಹೆಸರು ಸೇರಿಸುತ್ತಿದ್ದೆ, ಇನ್ನೊಬ್ಬರು ಅದನ್ನು ಅಳಿಸಬೇಕಾಗುತ್ತಿತ್ತು.

ಈಗ ಡಿಎನ್‌ಎ ಕೂಡ ಇದೆ. ಒಂದು ಕಾಲು ಸಾಕು. ಗಂಡು ಹೆಣ್ಣು ಜೋಡಿಸಲು, ಮರಿಯನ್ನು ತಾಯಿಯ ಜೊತೆ ಸೇರಿಸಲು ಬಹಳ ಉಪಯೋಗ. ಆದರೆ ಹೋಲಿಸಲು ಹಳೆಯ ಪ್ರಭೇದಗಳ ಡಿಎನ್‌ಎ ಇರಬೇಕಲ್ವಾ? ನಮ್ಮ ದೇಶದ ಹೆಚ್ಚಿನ ಜೇಡಗಳದ್ದು ಇನ್ನೂ ಇಲ್ಲ. ಹಾಗಾಗಿ ಸೂಜಿ, ಲವಂಗದ ಎಣ್ಣೆ, ಪೆನ್ಸಿಲ್ ಕೆಲಸ ತಪ್ಪುವುದಿಲ್ಲ.

ಕೊಲ್ಲಬೇಕಾ ಎಂದು ಕೇಳಿದಿರಿ. ಮುಚ್ಚಿಡುವುದಿಲ್ಲ: ಹೊಸ ಪ್ರಭೇದ ಎಂದು ಬರೆಯುವುದಾದರೆ ಹೌದು. ಬಲಿತ ಒಂದು ಗಂಡು, ಸಾಧ್ಯವಾದರೆ ಒಂದು ಹೆಣ್ಣು ಆಲ್ಕೋಹಾಲಿನಲ್ಲಿ ಉಳಿಯಬೇಕು. ಫೋಟೊದಲ್ಲಿ ಪಾಲ್ಪ್‌ನ ಹಿಂಬದಿ ಕಾಣುವುದಿಲ್ಲ, ಎಪಿಗೈನ್‌ನ ಒಳಗು ಕಾಣುವುದಿಲ್ಲ. ನಾಳೆ ಪಕ್ಕದ ಗುಡ್ಡದಲ್ಲಿ ಅದರ ತದ್ರೂಪಿ ಸಿಕ್ಕರೆ, ಎರಡೂ ಒಂದೇನಾ ಎಂದು ತಿರುಗಿ ನೋಡಲು ಆ ಜೇಡವೇ ಬೇಕು. ಇದು ನನಗೆ ಹಗುರವಾದ ವಿಷಯ ಅಲ್ಲ. ಬೇಕಾದ್ದಕ್ಕಿಂತ ಒಂದೂ ಜಾಸ್ತಿ ತೆಗೆಯುವುದಿಲ್ಲ, ಮೊಟ್ಟೆ ಕಾಯುತ್ತಿರುವ ಹೆಣ್ಣನ್ನು ಮುಟ್ಟುವುದಿಲ್ಲ. ಹಾಗೇ ಇದನ್ನೂ ಯೋಚಿಸಿ: ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೆ ಒಂದು ಮಧ್ಯಾಹ್ನದಲ್ಲಿ ಸಾಯುವ ಜೇಡಗಳ ಲೆಕ್ಕ ಯಾರಿಗೂ ಸಿಗುವುದಿಲ್ಲ. ಹೆಸರಿಲ್ಲದ ಜೀವಿ ಅಳಿದುಹೋದರೆ ಹೋಯಿತು ಎಂದು ಹೇಳಲೂ ಆಗುವುದಿಲ್ಲ. ಹುಡುಗರಿಗೆ ಇದನ್ನು ಮುಚ್ಚಿಡದೆ ಹೇಳಿ. ಅವರು ಬೇಡ ಎಂದರೆ, ಬಿಟ್ಟುಬಿಡುವ ತೀರ್ಮಾನವೂ ಒಳ್ಳೆಯದೇ.

ಕಾನೂನಿನ ಮಾತು ಚಿಕ್ಕದು, ಆದರೆ ಗಟ್ಟಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅದರ ಗಡಿಯೊಳಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಜೇಡವನ್ನೂ ಹಿಡಿಯಬೇಡಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೂ ಇದೇ ಮಾತು. ಅಲ್ಲಿ ನೋಡಿ, ಫೋಟೊ ತೆಗೆಯಿರಿ, ಬನ್ನಿ. ನಿಮ್ಮದು ಶಾಲೆಯ ಕಾಂಪೌಂಡ್, ಅದರ ಚಿಂತೆ ಇಲ್ಲ. ಇನ್ನೊಂದು: ಹೊಸ ಪ್ರಭೇದ ಸಿಕ್ಕರೆ ಅದರ ಮಾದರಿಯನ್ನು ಸರ್ಕಾರ ಗುರುತಿಸಿದ ಸಂಗ್ರಹಾಲಯಕ್ಕೆ ಕೊಡಲೇಬೇಕು ಎಂದು 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತದೆ. ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥದ್ದೊಂದು ಜಾಗ.

ಹೆಸರಿಗೆ ಬರೋಣ, ಹುಡುಗರು ಕಾಯುತ್ತಿದ್ದಾರೆ. ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು. ಎರಡನೇ ಪದವನ್ನು ಯಾವ ಭಾಷೆಯಿಂದಲಾದರೂ ತರಬಹುದು, ಬರೆಯುವುದು ರೋಮನ್ ಲಿಪಿಯಲ್ಲಿ. ಊರಿನ ಹೆಸರು, ನದಿಯ ಹೆಸರು, ಬಣ್ಣ, ಗುಣ ಏನಾದರೂ ಆಗಬಹುದು. ಮನುಷ್ಯರ ಹೆಸರೂ ಆಗಬಹುದು. 2021ರಲ್ಲಿ ಮಹಾರಾಷ್ಟ್ರದ ಒಂದು ಜಿಗಿಯುವ ಜೇಡಕ್ಕೆ ಐಸಿಯಸ್ ತುಕಾರಾಮಿ ಎಂದು ಹೆಸರಿಟ್ಟರು. ಮುಂಬೈ ದಾಳಿಯಲ್ಲಿ ಗುಂಡಿಗೆ ಎದೆಕೊಟ್ಟು ಭಯೋತ್ಪಾದಕನನ್ನು ಹಿಡಿದ ಪೊಲೀಸ್ ತುಕಾರಾಂ ಓಂಬ್ಳೆ ಅವರ ನೆನಪಿಗೆ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಮಾತ್ರ ನಮ್ಮಲ್ಲಿ ಮರ್ಯಾದೆಯಲ್ಲ. ಕಪ್ಪತಗುಡ್ಡ ಎಂದಿಡಲು ಯಾವ ಅಡ್ಡಿಯೂ ಇಲ್ಲ. ಆದರೆ ಹೆಸರು ಹುಟ್ಟುವುದು ವಿವರಣೆ, ಚಿತ್ರ, ಹೋಲೋಟೈಪ್ ಎಲ್ಲಿದೆ ಎಂಬ ಮಾತು ಇವೆಲ್ಲ ಸೇರಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದ ದಿನ. ಅದಕ್ಕೂ ಮೊದಲು ವಾಟ್ಸ್‌ಆ್ಯಪ್‌ನಲ್ಲೋ ದಿನಪತ್ರಿಕೆಯಲ್ಲೋ ಬಂದ ಹೆಸರಿಗೆ ಬೆಲೆ ಇಲ್ಲ, ಗೊಂದಲ ಮಾತ್ರ ಉಳಿಯುತ್ತದೆ. ಹುಡುಗರಿಗೆ ಸ್ವಲ್ಪ ತಡೆಯಲು ಹೇಳಿ. ಸ್ವಲ್ಪ ಅಂದರೆ ಎಷ್ಟು ಎಂದು ಕೇಳಬೇಡಿ. ಒಂದು ಜೀವಿ ಸಂಗ್ರಹಕ್ಕೆ ಬಂದ ದಿನದಿಂದ ಅದಕ್ಕೆ ಹೆಸರು ಬೀಳುವವರೆಗೆ ಸರಾಸರಿ 21 ವರ್ಷ ಹಿಡಿಯುತ್ತದೆ ಎಂದು 2012ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಜೇಡಗಳು ಬಾಟಲಿಯಲ್ಲಿ ಕಾಯುತ್ತಿವೆ, ನೋಡುವ ಕಣ್ಣುಗಳು ಕಡಿಮೆ.

ಆ ಕಣ್ಣುಗಳು ಯೂನಿವರ್ಸಿಟಿಯಲ್ಲೇ ಇರಬೇಕೆಂದಿಲ್ಲ. ಅಮೆರಿಕದ ಮಿಲ್ವಾಕಿಯಲ್ಲಿ ಜಾರ್ಜ್ ಪೆಕಮ್ ಮತ್ತು ಎಲಿಜಬೆತ್ ಪೆಕಮ್ ಎಂಬ ದಂಪತಿ ಇದ್ದರು. ಜಾರ್ಜ್ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಆ ಗಂಡ ಹೆಂಡತಿ ಗಂಡು ಜಿಗಿಯುವ ಜೇಡ ಹೆಣ್ಣಿನ ಮುಂದೆ ಮಾಡುವ ಕುಣಿತವನ್ನು ಗಂಟೆಗಟ್ಟಲೆ ನೋಡಿ ಬರೆದರು, ಎಷ್ಟೋ ಹೊಸ ಪ್ರಭೇದಗಳಿಗೆ ಹೆಸರಿಟ್ಟರು. ಜಿಗಿಯುವ ಜೇಡಗಳಿಗೇ ಮೀಸಲಾದ ವಿಜ್ಞಾನ ಪತ್ರಿಕೆಗೆ ಇವತ್ತು ಅವರ ಹೆಸರಿದೆ, ಪೆಕಮಿಯಾ. ಅಕ್ಕೋರೇ, ನಾನು ಧಾರವಾಡದಿಂದ ನಿಮ್ಮ ಊರಿಗೆ ವರ್ಷಕ್ಕೆ ಎರಡು ಸಲ ಬರಬಹುದು. ನೀವು ಆ ಗೋಡೆಯನ್ನು ದಿನಾ ನೋಡುತ್ತೀರಿ. ಯಾವ ತಿಂಗಳು ಗಂಡು ಓಡಾಡುತ್ತವೆ, ಹೆಣ್ಣು ಎಲ್ಲಿ ಗೂಡು ಕಟ್ಟುತ್ತದೆ, ಮಳೆ ಬಿದ್ದ ಮೇಲೆ ಎಲ್ಲಿಗೆ ಹೋಗುತ್ತವೆ, ಇದೆಲ್ಲ ನಿಮಗೆ ಗೊತ್ತಾಗುತ್ತದೆ, ನನಗಲ್ಲ.

ಹಾಗಾಗಿ ಈಗ ಹೀಗೆ ಮಾಡಿ. ಬಾಟಲಿ ದೊಡ್ಡದಾದರೆ ಜೇಡಕ್ಕೆ ಬೇಟೆ ಸಿಗುವುದಿಲ್ಲ. ಮಾತ್ರೆಯ ಡಬ್ಬಿಯಷ್ಟು ಸಣ್ಣದರಲ್ಲಿ ಹಾಕಿ, ಬಾಯಿಗೆ ಹತ್ತಿ ತುರುಕಿ. ಎರಡು ದಿನಕ್ಕೊಮ್ಮೆ ಹತ್ತಿಯ ಅಂಚಿಗೆ ಒಂದು ಹನಿ ನೀರು. ಬಿಸಿಲಿಗೆ ಇಡಬೇಡಿ. ಒಂದು ಕೊಳೆತ ಬಾಳೆಹಣ್ಣನ್ನು ಲೋಟದಲ್ಲಿಟ್ಟರೆ ಸಣ್ಣ ಹಣ್ಣುನೊಣ ಬೇಕಾದಷ್ಟು ಸಿಗುತ್ತವೆ, ವಾರಕ್ಕೆ ನಾಲ್ಕೈದು ಬಿಡಿ. ಒಂದು ದಿನ ಅದು ತಿನ್ನುವುದು ನಿಲ್ಲಿಸುತ್ತದೆ. ಮೂಲೆಯಲ್ಲಿ ಬಿಳಿ ರೇಷ್ಮೆಯ ಚೀಲ ಮಾಡಿ ಒಳಗೆ ಕೂರುತ್ತದೆ. ಸತ್ತಿತೆಂದು ಅಲ್ಲಾಡಿಸಬೇಡಿ, ಅದು ಪೊರೆ ಬಿಡುವ ತಯಾರಿ. ಆಗ ಉಳಿದ ನೊಣಗಳನ್ನು ಹೊರಗೆ ತೆಗೆಯಿರಿ. ಹೊರಬಂದ ಮೇಲೆ ಮೈ ಗಟ್ಟಿಯಾಗಲು ಮೂರು ದಿನ ಬಿಡಿ.

ಪೊರೆಯನ್ನು ಎಸೆಯಬೇಡಿ. ಜೊತೆಗೆ ಒಂದು ಚೀಟಿ ಇರಲಿ: ಊರು, ತಾಲ್ಲೂಕು, ದಿನಾಂಕ, ಕಲ್ಲಿನ ಸಂದಿ, ಹಿಡಿದ ಹುಡುಗನ ಹೆಸರು. ಪೆನ್ಸಿಲ್‌ನಲ್ಲೇ ಬರೆಯಿರಿ. ನಾನು ಶುರುವಿನಲ್ಲಿ ಬಾಲ್‌ಪೆನ್ನಿನಿಂದ ಬರೆದು ಆಲ್ಕೋಹಾಲಿನಲ್ಲಿ ಹಾಕಿದ್ದೆ. ಶಾಯಿ ಕರಗಿ ಹನ್ನೊಂದು ಬಾಟಲಿಯ ಜೇಡಗಳಿಗೆ ಊರೇ ಇಲ್ಲದಂತಾಯಿತು. ಯಾವ ಕಾಡಿನದೆಂದು ಗೊತ್ತಿಲ್ಲದ ಜೇಡದಿಂದ ಯಾರಿಗೂ ಉಪಯೋಗವಿಲ್ಲ. ಆ ಹನ್ನೊಂದರ ಬೇಜಾರು ನನಗೆ ಇನ್ನೂ ಹೋಗಿಲ್ಲ.

ಆಮೇಲೆ ಜೇಡ ಡಬ್ಬಿಯ ಗಾಜಿನ ಮೇಲೆ ನಡೆಯುವಾಗ ಹೊರಗಿನಿಂದ, ಕೆಳಬದಿಯಿಂದ ಫೋಟೊ ತೆಗೆಯಿರಿ. ಮೊಬೈಲ್‌ಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಸಾಕು. ಪಾಲ್ಪ್‌ನ ತುದಿ ಈಗಿನ ಹಾಗೆ ನುಣ್ಣಗಿರುವುದಿಲ್ಲ, ಕಪ್ಪಗೆ, ಗಂಟು ಗಂಟಾಗಿ, ಬದಿಯಲ್ಲಿ ಒಂದು ಮುಳ್ಳು ಎದ್ದಿರುತ್ತದೆ. ಆ ಮುಳ್ಳು ಕಾಣುವ ಒಂದು ಫೋಟೊ ಬಂದರೆ ಕುಲ ಯಾವುದೆಂದು ನಾನು ಬಹುಶಃ ಹೇಳಬಲ್ಲೆ. ಅಷ್ಟರೊಳಗೆ ಹುಡುಗರು ಅದೇ ಗೋಡೆಯಲ್ಲಿ ಇದೇ ಮಣ್ಣುಬಣ್ಣದ, ಸ್ವಲ್ಪ ದಪ್ಪ ಹೊಟ್ಟೆಯ ಜೇಡ ಇದೆಯಾ ನೋಡಲಿ. ಹೆಣ್ಣು ಅದೇ ಇರಬಹುದು. ಹಿಡಿಯುವುದು ಬೇಡ, ಯಾವ ಕಲ್ಲು ಎಂದು ಸೀಮೆಸುಣ್ಣದಿಂದ ಗುರುತು ಹಾಕಲಿ. ಆ ಗೋಡೆ ಬಿಸಿಲಿನ ಬದಿಯದೋ ನೆರಳಿನ ಬದಿಯದೋ ಎನ್ನುವುದನ್ನೂ ಬರೆದು ಕಳಿಸಿ.